ಹೆಜ್ಜೆ ಓದಲು ಕಲಿತವರು: ಕೆನೆತ್ ಆಂಡರ್ಸನ್ ಅವರ ಬದುಕು ಮತ್ತು ನನ್ನ ಒಂದು ಪಾಠ

ಬೋಧನಾಭ್ಯಾಸದ ಮೂರನೇ ವಾರದಲ್ಲಿ ನಾನು ಎಂಟನೇ ತರಗತಿಯ ಮಕ್ಕಳ ಮುಂದೆ ಒಂದು ತಪ್ಪು ಹೇಳಿದೆ. ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ ಪಾಠ ನಡೆದಿತ್ತು. ಶಾಲೆ ಇರುವುದು ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಶಾಲೆಯ ಹಿಂದಿನ ಹೊಂಡದ ನೀರು ಡಿಸೆಂಬರ್ ಹೊತ್ತಿಗೆ ಹಿಂದೆ ಸರಿದು, ಸುತ್ತ ಎರೆಮಣ್ಣಿನ ಕೆಸರು ಉಳಿದಿತ್ತು. ಊಟದ ಬಿಡುವಿನಲ್ಲಿ ಇಬ್ಬರು ಹುಡುಗರು ಓಡಿ ಬಂದು ಕೆಸರಿನಲ್ಲಿ ದೊಡ್ಡ ಹೆಜ್ಜೆಗಳಿವೆ, ನೋಡಿ ಬನ್ನಿ ಅಕ್ಕಾರೆ ಎಂದು ಕರೆದರು. ಹೋಗಿ ನೋಡಿದೆ. ನಾಲ್ಕು ಬೆರಳು, ಹಿಂದೆ ಒಂದು ದಪ್ಪ ಅಂಗಾಲು, ನನ್ನ ಅಂಗೈಯಷ್ಟು ಅಗಲ. ಎರಡು ಬಾರಿ ಯೋಚಿಸದೆ ಚಿರತೆಯದು ಎಂದುಬಿಟ್ಟೆ.

ಸಂಜೆಯೊಳಗೆ ಆ ಮಾತು ಊರೆಲ್ಲ ಹಬ್ಬಿತು. ಕಪ್ಪತಗುಡ್ಡದ ಸೆರಗಿನ ಊರು ಅದು. ಚಿರತೆ ಎಂದರೆ ಯಾರೂ ನಕ್ಕು ಸುಮ್ಮನಾಗುವುದಿಲ್ಲ. ಮರುದಿನ ಹೊಲದ ದಾರಿಯಿಂದ ಬರುವ ಆರು ಮಕ್ಕಳು ಶಾಲೆಗೆ ಬರಲಿಲ್ಲ. ಕುರಿಹಟ್ಟಿಯವರು ರಾತ್ರಿಯೆಲ್ಲ ಬೆಂಕಿ ಹಾಕಿಕೊಂಡು ಕುಳಿತಿದ್ದರಂತೆ. ಸತ್ತ ಕುರಿಗೆ ವಿಷ ಸವರಿ ಇಡೋಣ ಎಂಬ ಮಾತೂ ಬಂದಿತ್ತೆಂದು ಒಬ್ಬ ಹುಡುಗಿ ಹೇಳಿದಳು. ಆ ವಿಷವನ್ನು ತೋಳ ತಿನ್ನಬಹುದಿತ್ತು, ಕತ್ತೆಕಿರುಬ ತಿನ್ನಬಹುದಿತ್ತು, ಊರ ನಾಯಿಯೂ ತಿನ್ನಬಹುದಿತ್ತು.

ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ತರಗತಿಯ ಒಬ್ಬ ಹುಡುಗನ ಅಜ್ಜ ಬಂದರು. ಜೀವನಪೂರ್ತಿ ಕುರಿ ಕಾಯ್ದವರು. ನನ್ನನ್ನು ಹೊಂಡದ ಬಳಿ ಕರೆದೊಯ್ದು, ಸೂರ್ಯನ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂರಲು ಹೇಳಿದರು. ಓರೆಯಾಗಿ ಬೀಳುತ್ತಿದ್ದ ಬಿಸಿಲಿನಲ್ಲಿ ಪ್ರತಿ ಬೆರಳಿನ ಮುಂದೆಯೂ ಒಂದೊಂದು ಚುಕ್ಕೆ ಕಂಡಿತು. ಅದು ಉಗುರು. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ, ನಾಯಿಗೆ ಹಾಗೆ ಎಳೆದುಕೊಳ್ಳಲು ಬರುವುದಿಲ್ಲ. ಹಸಿ ಕೆಸರಿನಲ್ಲಿ ಕಾಲು ಜಾರಿ ಗುರುತು ಅಗಲವಾಗಿತ್ತು, ಅಷ್ಟೆ. ನಾನು ನೋಡಿದ್ದು ನಡುಮಧ್ಯಾಹ್ನ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ನೆರಳೇ ಬೀಳದೆ ಆ ಚುಕ್ಕೆಗಳು ನನಗೆ ಕಂಡಿರಲಿಲ್ಲ. ಅಜ್ಜ ಬೈಯಲಿಲ್ಲ. ಓದಿದವರು ಹೇಳಿದ್ದನ್ನು ಊರು ನಂಬುತ್ತದೆ, ಅದಕ್ಕೇ ನೋಡಿ ಹೇಳಬೇಕು ಎಂದಷ್ಟೇ ಅಂದರು.

ಆ ದಿನ ನನ್ನ ಪಾಠಯೋಜನೆಯನ್ನು ಬದಿಗಿಟ್ಟೆ. ಮೊದಲು ತರಗತಿಯಲ್ಲಿ ತಪ್ಪು ಒಪ್ಪಿಕೊಂಡೆ. ಆಮೇಲೆ ಒಬ್ಬ ಮನುಷ್ಯನ ಬದುಕನ್ನು ಹೇಳಿದೆ. ಹೆಜ್ಜೆಯನ್ನು ತಪ್ಪಾಗಿ ಓದಿದರೆ ಯಾರದೋ ಜೀವ ಹೋಗುತ್ತದೆ ಎಂಬ ಸ್ಥಿತಿಯಲ್ಲಿ ನಲವತ್ತು ವರ್ಷ ಕಾಡು ತಿರುಗಿದವರು ಅವರು. ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಕೆನೆತ್ ಆಂಡರ್ಸನ್ ಎಂಬ ಹೆಸರು ಕನ್ನಡದ ಓದುಗರಿಗೆ ಪರಿಚಿತವಾದದ್ದು ಹೆಚ್ಚಾಗಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ಕಾಡಿನ ಕಥೆಗಳು ಪುಸ್ತಕಗಳಿಂದ. ಅವುಗಳಲ್ಲಿ ಒಂದರ ಹೆಸರು ಮುನಿಶಾಮಿ ಮತ್ತು ಮಾಗಡಿ ಚಿರತೆ. ಏಳನೇ ತರಗತಿಯಲ್ಲಿದ್ದಾಗ ಲಕ್ಷ್ಮೇಶ್ವರದಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ಆ ಪುಸ್ತಕ ಸಿಕ್ಕಿತ್ತು. ಮಾಗಡಿ ಎಂದರೆ ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿಯೇ ಎಂದು ತಿಳಿದು, ಗದಗಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಕೆರೆಯ ಕಡೆ ಚಿರತೆ ಹುಡುಕುತ್ತಿದ್ದೆ. ಅದು ಬೆಂಗಳೂರಿನ ಹತ್ತಿರದ ಮಾಗಡಿ ಎಂದು ತಿಳಿದದ್ದು ಬಹಳ ತಡವಾಗಿ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಕ್ಕರು. ಹಿಂದಿನ ದಿನದ ಬಿಗುವು ಅಲ್ಲಿಗೆ ಸಡಿಲವಾಯಿತು.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದಿನ ಬೊಲಾರಂನಲ್ಲಿ. ಮೂಲ ಸ್ಕಾಟ್ಲೆಂಡಿನದಾದರೂ ಅವರ ಮನೆತನ ಆರು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿತ್ತು. ತಂದೆ ಸೇನೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ಸಣ್ಣಪುಟ್ಟ ಬೇಟೆಯ ಹವ್ಯಾಸ ಅವರಿಗಿತ್ತು. ಮಗನಿಗೆ ಕಾಡಿನ ಗೀಳು ಹತ್ತಿದ್ದು ಅಲ್ಲಿಂದಲೇ. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಆಮೇಲೆ ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಮನೆಯಲ್ಲಿ ಇಂಗ್ಲಿಷ್ ಇದ್ದರೂ ಕನ್ನಡ, ತಮಿಳು ಎರಡೂ ಬರುತ್ತಿದ್ದವು. ಕಾಡಿನಲ್ಲಿ ಅವರಿಗೆ ಬಂದೂಕಿನಷ್ಟೇ ಉಪಯೋಗಕ್ಕೆ ಬಂದದ್ದು ಈ ಎರಡು ಭಾಷೆಗಳು. ಹೆಜ್ಜೆ ಎಲ್ಲಿ ಬಿದ್ದಿದೆ ಎಂದು ಹೇಳುವವರು ದನಗಾಹಿಗಳು, ಸೌದೆ ತರುವ ಹೆಂಗಸರು, ಬಿದಿರು ಕಡಿಯುವವರು. ಅವರ ಮಾತು ಬಾರದವನಿಗೆ ಕಾಡಿನ ಸುದ್ದಿ ಸಿಗುವುದಿಲ್ಲ.

ಮಕ್ಕಳು ಅಂದುಕೊಂಡಂತೆ ಅವರು ಹೊಟ್ಟೆಪಾಡಿಗೆ ಬೇಟೆಯಾಡುವವರಾಗಿರಲಿಲ್ಲ. ನಮ್ಮ ತಂದೆ ತಾಯಿಯರಂತೆ ಸಂಬಳಕ್ಕೆ ದುಡಿದವರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ಇದ್ದರು. ನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕರಾದರು. ಕಾಡಿಗೆ ಹೋಗುತ್ತಿದ್ದದ್ದು ರಜೆಯ ದಿನಗಳಲ್ಲಿ. ನರಭಕ್ಷಕನ ಸುದ್ದಿ ಬಂದರೆ ರಜೆ ಹಾಕಿ ಕಾರಿನಲ್ಲಿ ಹೊರಡುತ್ತಿದ್ದರು. ರಜೆ ಮುಗಿಯಿತೆಂದು, ಹುಲಿ ಸಿಗದೆಯೇ ಹಿಂದಿರುಗಿದ ಸಂದರ್ಭಗಳನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ.

ಹೆಜ್ಜೆ ಓದುವ ವಿದ್ಯೆಯಲ್ಲಿ ಅವರಿಗೆ ಗುರುವಾದವನ ಹೆಸರು ಬೈರ. ಈಗ ತಮಿಳುನಾಡಿಗೆ ಸೇರಿದ ಚಿನ್ನಾರ್ ಹೊಳೆಯ ಕಾಡಿನಲ್ಲಿ ಬದುಕುತ್ತಿದ್ದ ಪೂಜಾರಿ ಎಂಬ ಕಾಡುಜನರಲ್ಲಿ ಒಬ್ಬ. ಆಂಡರ್ಸನ್ನರಿಗೆ ಅವನು ಮೊದಲು ಸಿಕ್ಕಿದ್ದು ಕದ್ದು ಬೇಟೆಯಾಡುವವನಾಗಿ. ಕಾನೂನಿನ ಕಣ್ಣಿನಲ್ಲಿ ಅವನು ಅಪರಾಧಿ. ಆದರೆ ಕಾಡು ಅವನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂಬುದು ಆಂಡರ್ಸನ್ನರಿಗೆ ಬೇಗ ಅರಿವಾಯಿತು. ಅಲ್ಲಿಂದ ಮುಂದೆ ಇಬ್ಬರೂ ಹಲವು ವರ್ಷ ಗೆಳೆಯರಾಗಿ ಉಳಿದರು. ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಹುಲಿ, ಚಿರತೆಗಳ ನಡುವೆ ಬೈರನಿಗೂ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾರೆ. ಕಾಲೇಜು ಕಲಿತವನು ಅಕ್ಷರ ಬಾರದವನ ಮುಂದೆ ವಿದ್ಯಾರ್ಥಿಯಾಗಿ ನಿಂತ ಈ ಸಂಗತಿಯನ್ನು ಹೇಳುವಾಗ, ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನ ಕಡೆ ನನ್ನ ಕಣ್ಣು ಹೋಯಿತು.

ಹೆಜ್ಜೆಯಲ್ಲಿ ಓದುವುದಕ್ಕೆ ಏನೆಲ್ಲ ಇದೆ? ಹುಲಿ ಮತ್ತು ಚಿರತೆಯ ಹೆಜ್ಜೆಯ ಆಕಾರ ಹೆಚ್ಚುಕಡಿಮೆ ಒಂದೇ, ಗಾತ್ರ ಬೇರೆ. ಗಂಡು ಹುಲಿಯ ಹಿಂಗಾಲಿನ ಗುರುತು ಚೌಕಕ್ಕೆ ಹತ್ತಿರ, ಹೆಣ್ಣಿನದು ಸ್ವಲ್ಪ ಉದ್ದ, ಬೆರಳುಗಳೂ ನೀಳ. ಒಂದು ಕಾಲಿನ ಗುರುತು ಆಳವಾಗಿಲ್ಲದಿದ್ದರೆ ಪ್ರಾಣಿ ಆ ಕಾಲನ್ನು ಊರುತ್ತಿಲ್ಲ, ಅಂದರೆ ಕುಂಟುತ್ತಿದೆ. ಗುರುತಿನ ಅಂಚು ಚೂಪಾಗಿದ್ದರೆ ಹೊಸದು. ಅಂಚು ಉದುರಿ ಒಳಗೆ ಒಣಗಿದ ಎಲೆ ಬಿದ್ದಿದ್ದರೆ, ಅದರ ಮೇಲೆ ಹುಳ ಹರಿದ ಗೆರೆ ಇದ್ದರೆ ಹಳೆಯದು. ಇಬ್ಬನಿ ಬಿದ್ದ ಮೇಲೆ ಆದದ್ದೋ ಮೊದಲು ಆದದ್ದೋ ಎಂಬುದರಿಂದ ರಾತ್ರಿಯ ಯಾವ ಜಾವದಲ್ಲಿ ಪ್ರಾಣಿ ದಾಟಿತೆಂದು ಊಹಿಸಬಹುದು.

ಆಂಡರ್ಸನ್ನರಿಗೆ ಈ ವಿವರಗಳು ಬೇಕಾಗಿದ್ದದ್ದು ಕುತೂಹಲಕ್ಕಲ್ಲ. ಒಂದು ಕಾಡಿನಲ್ಲಿ ಐದು ಹುಲಿಗಳಿದ್ದರೆ ಅವುಗಳಲ್ಲಿ ಮನುಷ್ಯರನ್ನು ಕೊಲ್ಲುತ್ತಿರುವುದು ಒಂದೇ. ಉಳಿದವು ಜಿಂಕೆ, ಹಂದಿ ತಿಂದು ತಮ್ಮ ಪಾಡಿಗೆ ಇರುವಂಥವು. ತಪ್ಪು ಹುಲಿಯನ್ನು ಹೊಡೆದರೆ ನಿರಪರಾಧಿ ಸಾಯುತ್ತದೆ. ಅಷ್ಟೇ ಅಲ್ಲ, ಪಿಡುಗು ಕಳೆಯಿತೆಂದು ನಂಬಿ ಜನ ಬಾಗಿಲು ತೆರೆದು ಮಲಗುತ್ತಾರೆ, ನರಭಕ್ಷಕ ಮತ್ತೆ ಬರುತ್ತದೆ. ಹೆಣ ಸಿಕ್ಕ ಜಾಗದ ಹೆಜ್ಜೆಯನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಂಡು, ಮುಂದೆ ಕಂಡ ಪ್ರತಿ ಹೆಜ್ಜೆಯನ್ನೂ ಅದಕ್ಕೆ ಹೋಲಿಸುವುದು ಅವರ ಕೆಲಸದ ಅಡಿಪಾಯ. ನರಭಕ್ಷಕಗಳಲ್ಲಿ ಬಹಳಷ್ಟು ಹಾಗಾಗುವುದು ಮನುಷ್ಯನ ಗುಂಡಿನಿಂದ ಗಾಯಗೊಂಡೋ, ಮುಳ್ಳುಹಂದಿಯ ಮುಳ್ಳು ಚುಚ್ಚಿ ಕಾಲು ಕೆಟ್ಟೋ, ಮುಪ್ಪಿನಿಂದಲೋ ಎಂಬುದನ್ನು ಅವರು ಮತ್ತೆ ಮತ್ತೆ ಬರೆದಿದ್ದಾರೆ. ಗುರಿ ತಪ್ಪಿದ ಒಬ್ಬ ಹವ್ಯಾಸಿ ಬೇಟೆಗಾರನ ತಪ್ಪಿಗೆ ಹತ್ತಾರು ಹಳ್ಳಿಗಳು ದಂಡ ತೆರುವುದು ಅವರ ಕಥೆಗಳಲ್ಲಿ ಪದೇ ಪದೇ ಬರುವ ಸಂಗತಿ.

ಅವರು ತಿರುಗಿದ ಊರುಗಳಲ್ಲಿ ನಮಗೆ ಪರಿಚಿತವಾದವು ಹಲವಿವೆ. ಹೊಸದುರ್ಗ, ಹೊಳಲ್ಕೆರೆ, ದೇವರಾಯನದುರ್ಗ, ಬೆಂಗಳೂರಿನ ಜಾಲಹಳ್ಳಿ. ಗುಮ್ಮಳಾಪುರದ ಚಿರತೆ 42 ಜನರನ್ನು ಕೊಂದಿತ್ತು. ಸರ್ಕಾರದ ದಾಖಲೆಯ ಪ್ರಕಾರ 1939ರಿಂದ 1966ರವರೆಗೆ ಅವರು ಹೊಡೆದ ನರಭಕ್ಷಕಗಳು 8 ಚಿರತೆ ಮತ್ತು 7 ಹುಲಿ. 27 ವರ್ಷಗಳಲ್ಲಿ ಹದಿನೈದು. ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದಾಗ ಒಬ್ಬ ಹುಡುಗನಿಗೆ ಬೇಸರವಾಯಿತು. ಇಷ್ಟೇನಾ ಎಂದು ಕೇಳಿದ. ನೋಡುವುದು, ಕಾಯುವುದು, ಹಿಂದಿರುಗುವುದೇ ಹೆಚ್ಚಾಗಿ, ಗುಂಡು ಹಾರಿಸುವುದು ಅಪರೂಪವಾಗಿತ್ತು ಎಂಬುದನ್ನು ಆ ಲೆಕ್ಕದಿಂದಲೇ ಮಕ್ಕಳಿಂದ ಹೊರಡಿಸಲು ನನಗೆ ಅನುಕೂಲವಾಯಿತು.

ಅರಸೀಕೆರೆಯ ಕಡೆಯ ಕರಡಿಯ ಕಥೆ ಬಂದಾಗ ತರಗತಿ ಉಸಿರು ಬಿಗಿಹಿಡಿದು ಕುಳಿತಿತ್ತು. ಆ ಕರಡಿ ಹನ್ನೆರಡು ಜನರನ್ನು ಕೊಂದಿತ್ತು. ಗಾಯಗೊಂಡು ಉಳಿದವರಲ್ಲಿ ಕಣ್ಣು, ಮೂಗು ಕಳೆದುಕೊಂಡವರಿದ್ದರು. ದರ್ಗಾ ನೋಡಿಕೊಳ್ಳುತ್ತಿದ್ದ ಆಂಡರ್ಸನ್ನರ ಹಳೆಯ ಸ್ನೇಹಿತರೊಬ್ಬರ ಮಗನೂ ಅದಕ್ಕೆ ಬಲಿಯಾದ. ಆ ಸುದ್ದಿ ತಿಳಿದ ಮೇಲೆಯೇ ಅವರು ಅದರ ಬೆನ್ನು ಹತ್ತಿದ್ದು. ಕರಡಿಯ ಹಿಂಗಾಲಿನ ಗುರುತು ಮನುಷ್ಯನ ಬರಿಗಾಲಿನ ಗುರುತನ್ನೇ ಹೋಲುತ್ತದೆ. ಐದು ಬೆರಳು, ಉದ್ದ ಅಂಗಾಲು, ಹಿಮ್ಮಡಿ. ಆದರೆ ಬೆರಳುಗಳ ಮುಂದೆ ಉಗುರುಗಳ ಗೆರೆ ಇರುತ್ತದೆ. ಪಕ್ಕದ ಕೊಪ್ಪಳ, ಬಳ್ಳಾರಿಯ ಕಡೆ ಕರಡಿಗಳಿವೆ, ದರೋಜಿಯಲ್ಲಿ ಕರಡಿಧಾಮವೇ ಇದೆ ಎಂದಾಗ ಮಕ್ಕಳಿಗೆ ಅದು ದೂರದ ಕಥೆ ಅನ್ನಿಸಲಿಲ್ಲ.

ಕೊಂದ ಕರಡಿಯ ಕಥೆ ಹೇಳಿದವನು ಸಾಕಿದ ಕರಡಿಯ ಕಥೆಯನ್ನೂ ಹೇಳಬೇಕು. ಮೈಸೂರಿನ ಹತ್ತಿರ ತಾಯಿ ಸತ್ತು ಅನಾಥವಾದ ಒಂದು ಕರಡಿಮರಿಯನ್ನು ಆಂಡರ್ಸನ್ ಮನೆಗೆ ತಂದು ಹೆಂಡತಿಗೆ ಕೊಟ್ಟರು. ಅದಕ್ಕೆ ಬ್ರೂನೋ ಎಂದು ಹೆಸರಾಯಿತು. ಒಮ್ಮೆ ಇಲಿಪಾಷಾಣ ತಿಂದು ಕೈಕಾಲು ಬಿದ್ದುಹೋಗಿ, ಪಶುವೈದ್ಯರ ಚುಚ್ಚುಮದ್ದಿನಿಂದ ಬದುಕಿತು. ಇನ್ನೊಮ್ಮೆ ಕಾರಿನ ಹಳೆಯ ಎಂಜಿನ್ ಎಣ್ಣೆ ಕುಡಿದು ಏನೂ ಆಗದೆ ಉಳಿಯಿತು. ದೊಡ್ಡದಾದ ಮೇಲೆ ಮೈಸೂರಿನ ಮೃಗಾಲಯಕ್ಕೆ ಕಳಿಸಿದರು. ಅಲ್ಲಿ ಅದು ಊಟ ಬಿಟ್ಟಿತು, ಇಲ್ಲಿ ಹೆಂಡತಿ ಕೊರಗಿದರು. ಮೂರು ತಿಂಗಳ ನಂತರ ನೋಡಲು ಹೋದಾಗ ಕರಡಿ ದೂರದಿಂದಲೇ ಗುರುತು ಹಿಡಿಯಿತು. ಕೊನೆಗೆ ಅದನ್ನು ಬೆಂಗಳೂರಿಗೆ ವಾಪಸು ತಂದು, ಮನೆಯ ಅಂಗಳದಲ್ಲಿ ಸುತ್ತ ಕಂದಕ ತೋಡಿ ಅದಕ್ಕೊಂದು ಪುಟ್ಟ ದ್ವೀಪ ಮಾಡಿಕೊಟ್ಟರು. ಕೇಂದ್ರೀಯ ಪಠ್ಯಕ್ರಮದ ಒಂಬತ್ತನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಈ ಘಟನೆ ಹಿಂದೆ ಪಾಠವಾಗಿತ್ತು. ಇಂಗ್ಲಿಷ್ ಬೋಧಿಸುವ ನಮ್ಮ ಸಹಪಾಠಿಗಳು ವಿಜ್ಞಾನದ ಪಾಠದೊಂದಿಗೆ ಇದನ್ನು ಜೋಡಿಸಬಹುದು.

ವಯಸ್ಸಾದಂತೆ ಆಂಡರ್ಸನ್ನರ ಬರವಣಿಗೆಯಲ್ಲಿ ದುಃಖ ಹೆಚ್ಚುತ್ತಾ ಹೋಗುತ್ತದೆ. ತಾವು ತರುಣರಾಗಿದ್ದಾಗ ಹೆಜ್ಜೆಗಳಿಂದ ತುಂಬಿರುತ್ತಿದ್ದ ಹೊಳೆದಂಡೆಗಳು ಬರಿದಾಗಿದ್ದನ್ನು ಅವರು ಕಂಡರು. ರಾತ್ರಿ ಜೀಪಿನ ದೀಪದಲ್ಲಿ ಬೇಟೆಯಾಡುವವರು, ಸತ್ತ ದನಕ್ಕೆ ವಿಷ ಹಾಕುವವರು, ಕಾಡು ಕಡಿಯುವವರು ಇವರ ಬಗ್ಗೆ ಸಿಟ್ಟಿನಿಂದ ಬರೆದರು. ಬಂದೂಕು ಬಿಟ್ಟು ಕಾಡಿನಲ್ಲಿ ಸುಮ್ಮನೆ ಕೂರುವುದು, ಚಿತ್ರ ತೆಗೆಯುವುದು ಅವರಿಗೆ ಹೆಚ್ಚು ಹಿಡಿಸತೊಡಗಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾಗಿ ಬಂಡೀಪುರ ಅದರ ಮೊದಲ ಕಾಡುಗಳಲ್ಲಿ ಒಂದಾಯಿತು. ಮರುವರ್ಷ, 1974ರ ಆಗಸ್ಟ್ 30ರಂದು, ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಆಗ 64 ವರ್ಷ. ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಅವರ ಕಥೆಗಳಲ್ಲಿ ಉಪ್ಪು ಖಾರ ಸ್ವಲ್ಪ ಹೆಚ್ಚಾಗಿದೆ ಎಂದು ಸಂಶಯಪಡುವ ಓದುಗರಿದ್ದಾರೆ. ಇದನ್ನೂ ನಾನು ತರಗತಿಯಲ್ಲಿ ಮುಚ್ಚಿಡಲಿಲ್ಲ. ಹೆಜ್ಜೆಗುರುತಿಗೂ ಒಂದು ಮಿತಿ ಇದೆ. ನಮ್ಮ ದೇಶದಲ್ಲಿ ಬಹಳ ವರ್ಷ ಹುಲಿಗಳನ್ನು ಎಣಿಸಿದ್ದು ಹೆಜ್ಜೆಯ ಅಚ್ಚಿನಿಂದಲೇ. ಒಂದೇ ಹುಲಿ ಮರಳಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ ಗುರುತು ಬಿಡುವುದರಿಂದ ಆ ಎಣಿಕೆಯಲ್ಲಿ ತಪ್ಪುಗಳಾದವು. ನಮ್ಮ ರಾಜ್ಯದವರೇ ಆದ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸುವ ದಾರಿ ತೋರಿಸಿದರು. ನನ್ನನ್ನು ಮೋಸಗೊಳಿಸಿದ್ದೂ ಅದೇ ಕೆಸರು. ಒಂದು ಸಾಕ್ಷ್ಯ ಎಷ್ಟನ್ನು ಹೇಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯುವುದು ವಿಜ್ಞಾನದ ಪಾಠದ ತಿರುಳು ಎಂದು ಈಗ ನನಗೆ ಅನ್ನಿಸುತ್ತದೆ.

ಚಳಿದೇಶಗಳ ಮಕ್ಕಳು ಇದನ್ನು ಕಲಿಯುವುದು ಹಿಮದ ಮೇಲೆ. ರಾತ್ರಿ ಹಿಮ ಬಿದ್ದರೆ ಬೆಳಿಗ್ಗೆ ಇಡೀ ಅಂಗಳ ಹೊಸ ಪಾಟಿಯಾಗಿರುತ್ತದೆ. ನಮಗೆ ಹಿಮವಿಲ್ಲ. ಆದರೆ ನಮ್ಮ ಚಳಿಗಾಲಕ್ಕೂ ಒಂದು ಪಾಟಿ ಇದೆ. ನೀರು ಇಳಿದ ಕೆರೆಯಂಗಳ, ಹಿಂಗಾರಿ ಜೋಳದ ಹೊಲದ ಬದು, ಬಂಡಿದಾರಿಯ ಹುಡಿಮಣ್ಣು. ಮುಂದಿನ ಶನಿವಾರ ಬೆಳಿಗ್ಗೆ ಏಳಕ್ಕೆ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಅಜ್ಜನನ್ನೇ ಮುಂದಿಟ್ಟುಕೊಂಡು ಹೊರಟೆವು. ಚಿಗರಿಯ ಗೊರಸಿನ ಎರಡು ಚೂಪು ಸೀಳು ಸಿಕ್ಕಿತು. ಪಕ್ಕದಲ್ಲೇ ಕುರಿಯ ಮೊಂಡು ಗೊರಸು ಇದ್ದದ್ದರಿಂದ ವ್ಯತ್ಯಾಸ ತಾನೇ ಕಂಡಿತು. ಮೊಲದ ಹಿಂಗಾಲು ಮುಂಗಾಲಿಗಿಂತ ಮುಂದೆ ಬೀಳುವುದನ್ನು ನೋಡಿ, ಅದು ಹಿಂದೆ ಹಿಂದೆ ಓಡುತ್ತದೆಯೇ ಎಂದು ಒಬ್ಬಳು ಕೇಳಿದಳು. ಕಪ್ಪೆಜಿಗಿತ ಆಡಿಸಿ ನಾಲ್ವರ ಕೈಕಾಲು ಎಲ್ಲಿ ಊರುತ್ತವೆ ಎಂದು ಗುರುತು ಹಾಕಿಸಿದೆ, ಉತ್ತರ ಅವರಿಗೇ ಹೊಳೆಯಿತು. ಒಂದೇ ಗೆರೆಯಲ್ಲಿ ನೇರವಾಗಿ ಸಾಗಿದ್ದ ಒಂದು ಸಾಲು ಹೆಜ್ಜೆಯನ್ನು ಅಜ್ಜ ತೋಳದ್ದೆಂದರು. ಊರ ನಾಯಿ ಮೂಸುತ್ತಾ ಅಡ್ಡಾದಿಡ್ಡಿ ಹೋಗುತ್ತದೆ, ತೋಳಕ್ಕೆ ಹೋಗುವ ಕಡೆ ಗೊತ್ತಿರುತ್ತದೆ ಎಂದು ವಿವರಿಸಿದರು. ಕುರಿ ಕಳೆದುಕೊಂಡವರೇ ತೋಳದ ಬಗ್ಗೆ ಅಷ್ಟು ಮರ್ಯಾದೆಯಿಂದ ಮಾತನಾಡಿದ್ದು ಮಕ್ಕಳ ಮೇಲೆ ನನ್ನ ಯಾವ ಚಾರ್ಟಿಗಿಂತಲೂ ಹೆಚ್ಚು ಪರಿಣಾಮ ಮಾಡಿತು.

ಅಲ್ಲಿಂದ ಮಾಗಡಿ ಕೆರೆಗೆ ಹೋದೆವು. ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಅಲ್ಲಿ ಚಳಿಗಾಲ ಕಳೆಯುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ದಂಡೆಯ ಕೆಸರಿನಲ್ಲಿ ಮೂರು ಬೆರಳು, ನಡುವೆ ಪರದೆಯ ಗುರುತು ಸ್ಪಷ್ಟವಾಗಿತ್ತು. ಹಿಮದ ನಾಡಿನಲ್ಲಿ ಊರಿದ ಕಾಲನ್ನೇ ಇಲ್ಲಿ ನಮ್ಮ ಎರೆಮಣ್ಣಿನಲ್ಲಿ ಊರಿವೆ ಎಂದಾಗ, ಮಕ್ಕಳು ಆ ಗುರುತನ್ನು ತುಳಿಯದೆ ಸುತ್ತಿ ನಡೆದರು.

ಸಹಪಾಠಿಗಳಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಹೆಜ್ಜೆ ನೋಡಲು ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಹೋಗಿ, ಗುರುತು ನಿಮ್ಮ ಮತ್ತು ಸೂರ್ಯನ ನಡುವೆ ಇರಲಿ. ಒಂದು ಗುರುತು ನೋಡಿ ಹೆಸರು ಹೇಳಬೇಡಿ, ಹತ್ತು ಹೆಜ್ಜೆ ಹಿಂಬಾಲಿಸಿ. ಅಳತೆ ಬರೆಸಿ, ಉಗುರು ಇದೆಯೇ ಇಲ್ಲವೇ ಎಂದು ಮೊದಲು ಬರೆಸಿ, ಹೆಸರನ್ನು ಕೊನೆಗೆ ಬರೆಸಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ತೆಗೆಯುವುದಾದರೆ ಸುತ್ತ ರಟ್ಟಿನ ಬಳೆ ಇಟ್ಟು, ಮಜ್ಜಿಗೆಯಷ್ಟು ತೆಳ್ಳಗಾಗದೆ ದೋಸೆಹಿಟ್ಟಿನ ಹದದಲ್ಲಿ ಕಲಸಿ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಎತ್ತಿ. ನಮ್ಮ ತರಗತಿ ಮೊದಲು ತೆಗೆದ ಅಚ್ಚು ಹೊಂಡದ ಬಳಿಯ ಆ ನಾಯಿಯದೇ. ಶಾಲೆಯ ವಿಜ್ಞಾನ ಮೂಲೆಯಲ್ಲಿ ಅದು ಈಗಲೂ ಇದೆ. ಕೆಳಗಿನ ಚೀಟಿಯಲ್ಲಿ ಮಕ್ಕಳು ಎರಡು ಹೆಸರು ಬರೆದಿದ್ದಾರೆ. ಚಿರತೆ ಎಂಬುದನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ನಾಯಿ ಎಂದು ಬರೆದಿದ್ದಾರೆ. ಹೊಡೆದದ್ದನ್ನು ಪೂರ್ತಿ ಅಳಿಸಿ ಹಾಕೋಣವೇ ಎಂದು ಅವರು ಕೇಳಿದಾಗ ನಾನು ಬೇಡ ಎಂದೆ.